ಚುಟ್ಟಿ ಉಳಿಯುವಷ್ಟು ಬಿಟ್‌ರೇಟ್



ಕಳೆದ ಬೇಸಗೆಯಲ್ಲಿ ಬೆಳ್ತಂಗಡಿ ಕಡೆಯ ಹಿರಿಯರೊಬ್ಬರು ಬಂಟ್ವಾಳದ ನಮ್ಮ ಮನೆಗೆ ಬಂದರು. ಕೈಯಲ್ಲಿ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬ. ಅದರೊಳಗೆ ಹನ್ನೊಂದು ಬ್ಲೂ-ರೇ ಡಿಸ್ಕ್‌ಗಳು. ಅಂಗಳದಲ್ಲಿ ಆಡಿಸಿದ ಹರಕೆಯ ಯಕ್ಷಗಾನ ಆಟದ್ದು ನಾಲ್ಕು, ಮಗಳ ಮದುವೆಯದ್ದು ಮೂರು, ವೇಣೂರಿನ 2012ರ ಮಹಾಮಸ್ತಕಾಭಿಷೇಕದ್ದು ಎರಡು, ಕಂಬಳದ್ದು ಎರಡು.

“ಮಾಷ್ಟ್ರೇ, ಇದನ್ನೆಲ್ಲ ಒಂದು ಪೆನ್‌ಡ್ರೈವಿಗೆ ಹಾಕಿ ಕೊಡ್ಲಿಕ್ಕೆ ಆಗ್ತದಾ? ಮಗನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ” ಎಂದರು. ಪೆನ್‌ಡ್ರೈವ್ ಎಷ್ಟರದ್ದು ಎಂದು ಕೇಳಿದೆ. ಅಂಗಿಯ ಜೇಬಿನಿಂದ 32 ಜಿಬಿಯದೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಡಿಸ್ಕ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದೆವು. ಎಲ್ಲ ಸೇರಿ ಇನ್ನೂರು ಜಿಬಿ ದಾಟಿತ್ತು.

ಇನ್ನೂರನ್ನು ಮೂವತ್ತೆರಡಕ್ಕೆ ಇಳಿಸುವುದು ಇಂದಿನ ಕಂಪ್ಯೂಟರಿಗೆ ಏನೂ ಕಷ್ಟವಲ್ಲ. ಎಂಟು ಜಿಬಿಗೂ ಇಳಿಸೀತು, ನಾಲ್ಕಕ್ಕೂ ಇಳಿಸೀತು. ಬೇಡ ಎಂದು ಅದು ಹೇಳುವುದಿಲ್ಲ. ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ನಾವೇ ಹೇಳಬೇಕು. ಸೆಕೆಂಡಿಗೆ ಎಷ್ಟು ಬಿಟ್ ಖರ್ಚು ಮಾಡಬೇಕು ಎಂಬ ಆ ಹೇಳಿಕೆಗೆ ಬಿಟ್‌ರೇಟ್ ಎಂದು ಹೆಸರು. ಇಂದು ಅದರ ಬಗ್ಗೆಯೇ ಮಾತಾಡುತ್ತೇನೆ. ಇದರಲ್ಲಿ ನಾನೊಮ್ಮೆ ತಪ್ಪಿದ್ದೇನೆ. ತಪ್ಪಿದ್ದನ್ನು ಮೊದಲು ಹೇಳುವುದು ನ್ಯಾಯ.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಮ್ಮ ಕುಟುಂಬದ ಮನೆಯಲ್ಲಿ ಹರಕೆಯ ಬಯಲಾಟ, ಪ್ರಸಂಗ ದೇವಿ ಮಹಾತ್ಮೆ. ಭಾವನ ಬಳಿ ಹೊಸ ಎಚ್‌ಡಿ ಕ್ಯಾಮೆರಾ ಇತ್ತು. ಸೋನಿ ಮತ್ತು ಪ್ಯಾನಸೋನಿಕ್ ಸೇರಿ 2006ರಲ್ಲಿ ತಂದ ಎವಿಸಿಎಚ್‌ಡಿ ಬಗೆಯದು, ಸೆಕೆಂಡಿಗೆ 24 ಮೆಗಾಬಿಟ್ ದರದಲ್ಲಿ ಬರೆಯುವಂಥದ್ದು. ಸಂಜೆ ಚೌಕಿಪೂಜೆಯ ಹೊತ್ತಿಗೆ ಸ್ಟ್ಯಾಂಡಿನ ಮೇಲೆ ಏರಿಸಿದ್ದನ್ನು ಬೆಳಗ್ಗೆ ಮಂಗಳ ಹಾಡಿದ ಮೇಲೆಯೇ ಇಳಿಸಿದ್ದು. ಎಂಟು ಗಂಟೆಯ ಚಿತ್ರ ಎಂಬತ್ತಾರು ಜಿಬಿ ಆಗಿತ್ತು. ಎಲ್ಲರಿಗೂ ಒಂದೊಂದು ಪ್ರತಿ ಬೇಕು, ಒಂದೊಂದು 8 ಜಿಬಿ ಪೆನ್‌ಡ್ರೈವಿನಲ್ಲಿ ಹಿಡಿಯಬೇಕು ಎಂದು ಮನೆಯವರ ಆಸೆ. ನಾನು ಗುಣಿಸಿ ಭಾಗಿಸಿ, ಸೆಕೆಂಡಿಗೆ 2 ಮೆಗಾಬಿಟ್ ಎಂದು ಬರೆದು, ರಾತ್ರಿ ಕಂಪ್ಯೂಟರನ್ನು ಓಡಲು ಬಿಟ್ಟು ಮಲಗಿದೆ. ಬೆಳಗ್ಗೆ ಎದ್ದು ಮೊದಲ ಹತ್ತು ನಿಮಿಷ ನೋಡಿದೆ. ಪೂರ್ವರಂಗ, ಬಾಲಗೋಪಾಲರ ಕುಣಿತ, ಎಲ್ಲ ಚೆನ್ನಾಗಿತ್ತು. ಖುಷಿಯಿಂದ ಕಾರ್ಡುಗಳನ್ನು ಅಳಿಸಿ ಭಾವನಿಗೆ ಹಿಂದೆ ಕೊಟ್ಟೆ.

ಮಹಿಷಾಸುರ ಬರುವುದು ನಡುರಾತ್ರಿ ಕಳೆದ ಮೇಲೆ. ತೆಂಕುತಿಟ್ಟಿನ ಆಟ ನೋಡಿದವರಿಗೆ ಗೊತ್ತು, ಅವನು ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಜನರ ನಡುವೆ ಹಾದು ಬರುತ್ತಾನೆ. ಮುಂದೆ ದೊಂದಿ, ದೊಂದಿಗೆ ರಾಳ ಎರಚಿದಾಗ ಭುಗಿಲ್ಲೆಂದು ಏಳುವ ಬೆಂಕಿ, ಹೊಗೆ, ಚೆಂಡೆಯ ಅಬ್ಬರ, ಮಕ್ಕಳ ಬೊಬ್ಬೆ. ಮುಖದ ತುಂಬ ಚುಟ್ಟಿ. ಅಕ್ಕಿ ಹಿಟ್ಟು, ಸುಣ್ಣ ಸೇರಿಸಿ ಕಲಸಿದ ಬಿಳಿಯನ್ನು ಕಡ್ಡಿಯ ತುದಿಯಿಂದ ಒಂದರ ಪಕ್ಕ ಒಂದರಂತೆ ಇಟ್ಟು, ಮುಳ್ಳು ಎದ್ದಂತೆ ಕಾಣಿಸುವ ಕೆಲಸ ಅದು. ವೇಷಧಾರಿ ಗಂಟೆಗಟ್ಟಲೆ ಕನ್ನಡಿ ಹಿಡಿದು ಕೂತು ಮಾಡಿಕೊಳ್ಳಬೇಕು. ನಾನು ಮಾಡಿದ ಪ್ರತಿಯಲ್ಲಿ ಆ ಮುಳ್ಳುಗಳೇ ಇಲ್ಲ. ಮುಖಕ್ಕೆ ಸುಣ್ಣ ಬಳಿದ ಹಾಗೆ ಒಂದೇ ಬಿಳಿ ಮುದ್ದೆ. ಬೆಂಕಿ ಎದ್ದಾಗ ಇಡೀ ಪರದೆ ಚೌಕಚೌಕವಾಗಿ ಒಡೆಯುತ್ತದೆ, ಹೊಗೆ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತದೆ. ಅಂದು ಆ ವೇಷ ಮಾಡಿದ ಕಲಾವಿದರು ಈಗ ಇಲ್ಲ. ಅವರ ಮಗ ಅಪ್ಪನ ವೇಷದ ವಿಡಿಯೋ ಇದೆಯಾ ಎಂದು ಕೇಳಿಕೊಂಡು ಬಂದಾಗ ನಾನು ಕೊಟ್ಟದ್ದು ಆ ಮುದ್ದೆಯನ್ನು. ಅವರು ಏನೂ ಹೇಳಲಿಲ್ಲ. ತೆಗೆದುಕೊಂಡು ಹೋದರು.

ಆ ದಿನದಿಂದ ಈ ಕೆಲಸವನ್ನು ಕಲಿಯಲಿಕ್ಕೆ ಕೂತೆ.

ಲೆಕ್ಕ ಸುಲಭ. ಸೆಕೆಂಡಿಗೆ 1 ಮೆಗಾಬಿಟ್ ಎಂದರೆ ಗಂಟೆಗೆ 450 ಎಂಬಿ. ಇದೊಂದು ಅಂಕಿ ನೆನಪಿಟ್ಟುಕೊಂಡರೆ ಸಾಕು. 8 ಮೆಗಾಬಿಟ್ ಆದರೆ ಗಂಟೆಗೆ 3.6 ಜಿಬಿ. ಇಡೀ ರಾತ್ರಿಯ ಆಟಕ್ಕೆ 28.8 ಜಿಬಿ. ಮದುವೆಯ ಡಿವಿಡಿಯಲ್ಲಿ ಚಿತ್ರದ ದರ ಹೆಚ್ಚೆಂದರೆ 9.8 ಮೆಗಾಬಿಟ್, ಬ್ಲೂ-ರೇಯಲ್ಲಿ 40ರವರೆಗೂ ಹೋಗಬಹುದು. ಒಂದು ಪದರದ ಬ್ಲೂ-ರೇ ಹಿಡಿಸುವುದು 25 ಜಿಬಿ, ಎರಡು ಪದರದ್ದು 50.

ಇನ್ನೊಂದು ಲೆಕ್ಕವನ್ನೂ ಹೇಳಬೇಕು. ಎಚ್‌ಡಿ ಚಿತ್ರದ ಒಂದು ಚೌಕಟ್ಟಿನಲ್ಲಿ 20 ಲಕ್ಷದ 73 ಸಾವಿರದ 600 ಚುಕ್ಕಿಗಳಿವೆ. ಸೆಕೆಂಡಿಗೆ ಅಂಥ 25 ಚೌಕಟ್ಟು. ಕಂಪ್ರೆಸ್ ಮಾಡದೆ ಬರೆದರೆ ಸೆಕೆಂಡಿಗೆ 622 ಮೆಗಾಬಿಟ್ ಬೇಕು. ಕ್ಯಾಮೆರಾ 24ರಲ್ಲಿ ಬರೆಯಿತು ಎಂದರೆ ಇಪ್ಪತ್ತಾರರಲ್ಲಿ ಒಂದು ಪಾಲನ್ನು ಮಾತ್ರ ಅದು ಉಳಿಸಿಕೊಂಡಿದೆ. ನಾವು ಡಿಸ್ಕಿನಿಂದ ತೆಗೆದು ಮತ್ತೆ ಕಂಪ್ರೆಸ್ ಮಾಡುವಾಗ, ಒಮ್ಮೆ ಹಾಲು ಹಿಂಡಿ ತೆಗೆದ ತೆಂಗಿನ ತುರಿಯನ್ನು ಎರಡನೇ ಸಲ ಹಿಂಡುತ್ತಿದ್ದೇವೆ. ಮೊದಲ ಸಲ ಹೋದದ್ದು ಇನ್ನು ಬರುವುದಿಲ್ಲ. ಎರಡನೇ ಸಲ ಎಷ್ಟು ಹೋಗಬೇಕು ಎಂಬುದು ಮಾತ್ರ ನಮ್ಮ ಕೈಯಲ್ಲಿದೆ.

ಕಂಪ್ರೆಸ್ ಮಾಡುವ ತಂತ್ರಾಂಶ ಹೇಗೆ ಉಳಿತಾಯ ಮಾಡುತ್ತದೆ? ಹಿಂದಿನ ಚೌಕಟ್ಟಿನಲ್ಲಿ ಇದ್ದದ್ದೇ ಈ ಚೌಕಟ್ಟಿನಲ್ಲೂ ಇದ್ದರೆ, ‘ಮೊದಲಿನ ಹಾಗೆಯೇ’ ಎಂದು ಒಂದು ಮಾತು ಬರೆದು ಮುಂದೆ ಹೋಗುತ್ತದೆ. ಒಂದು ವಸ್ತು ಪಕ್ಕಕ್ಕೆ ಸರಿದಿದ್ದರೆ ‘ಇಷ್ಟು ಸರಿದಿದೆ’ ಎಂದು ಬರೆಯುತ್ತದೆ. ಅಲುಗದ್ದಕ್ಕೆ ಖರ್ಚು ಕಡಿಮೆ, ನೇರವಾಗಿ ಸರಿಯುವುದಕ್ಕೆ ಸ್ವಲ್ಪ ಹೆಚ್ಚು. ಬೆಂಕಿ, ಹೊಗೆ, ನೀರಿನ ಹನಿ, ಗಾಳಿಗೆ ಹಾರುವ ಕುಂಕುಮ, ಇವು ಒಂದು ಕ್ಷಣ ಇದ್ದ ಹಾಗೆ ಮರುಕ್ಷಣ ಇರುವುದಿಲ್ಲ. ಅವುಗಳ ಬಗ್ಗೆ ‘ಮೊದಲಿನ ಹಾಗೆ’ ಎಂದು ಹೇಳಲು ಏನೂ ಇಲ್ಲ, ಪ್ರತಿ ಸಲ ಹೊಸದಾಗಿ ಬರೆಯಬೇಕು. ಕೊಟ್ಟ ಬಿಟ್ ಸಾಲದಿದ್ದರೆ ಅದು ಮೊದಲು ಸಣ್ಣ ವಿವರಗಳನ್ನು ಒರಸುತ್ತದೆ. ಚುಟ್ಟಿ ಹೋದದ್ದು ಹೀಗೆ.

ಇದರಿಂದ ಒಂದು ಮಾತು ತಾನಾಗಿ ಹೊರಡುತ್ತದೆ. ಪೆನ್‌ಡ್ರೈವ್ ಎಷ್ಟರದ್ದು ಎಂದು ನೋಡಿ ಬಿಟ್‌ರೇಟ್ ಆರಿಸಬಾರದು. ಚಿತ್ರದಲ್ಲಿ ಏನಿದೆ ಎಂದು ನೋಡಿ ಆರಿಸಬೇಕು.

ನಮ್ಮೂರ ಅನುಪತ್ಯದ ಪಂಕ್ತಿಯನ್ನು ನೆನೆಸಿಕೊಳ್ಳಿ. ಪಾಯಸ ಬಡಿಸುವವರು ಮೂರು ಬಗೆ. ಒಬ್ಬರು ಎಲ್ಲ ಎಲೆಗೂ ಸರಿಯಾಗಿ ಒಂದೊಂದು ಸೌಟು ಹಾಕುತ್ತಾರೆ, ಮಗುವಿಗೂ ಒಂದು, ಗದ್ದೆಯಲ್ಲಿ ದುಡಿದು ಬಂದ ಗಂಡಾಳಿಗೂ ಒಂದು. ಸ್ಥಿರ ಬಿಟ್‌ರೇಟ್ ಎನ್ನುವುದು ಇದನ್ನೇ. ಮನೆಯ ಕೆಲಸಕ್ಕೆ ಇದು ಬೇಡ. ಎರಡನೆಯವರು ಮೊದಲು ಪಂಕ್ತಿ ಇಡೀ ಒಂದು ಸುತ್ತು ಬಂದು, ಯಾರಿಗೆ ಎಷ್ಟು ಹಸಿವೆ ಎಂದು ನೋಡಿ, ಆಮೇಲೆ ಇದ್ದ ಒಂದು ಕೊಪ್ಪರಿಗೆಯನ್ನು ಹಂಚುತ್ತಾರೆ. ಇದು ಎರಡು ಸುತ್ತಿನ ವಿಧಾನ. ಫೈಲಿನ ಗಾತ್ರ ಇಷ್ಟೇ ಇರಬೇಕು ಎಂದಿದ್ದರೆ ಇದೇ ದಾರಿ. ಮೂರನೆಯವರು ಎಲೆಯ ಮುಂದೆ ನಿಂತು ಸಾಕು ಅನ್ನುವವರೆಗೆ ಬಡಿಸುತ್ತಾರೆ, ಕೊಪ್ಪರಿಗೆ ಎಷ್ಟು ಖಾಲಿಯಾಯಿತು ಎಂದು ಕೊನೆಗೇ ಗೊತ್ತಾಗುವುದು. ಇದಕ್ಕೆ ಸಿಆರ್‌ಎಫ್ ಎಂದು ಹೆಸರು. ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ಎಂಬ ತಂತ್ರಾಂಶದಲ್ಲಿ ಗುಣಮಟ್ಟದ ಜಾರುಪಟ್ಟಿ ಎಂದು ಇರುವುದು ಇದೇ. ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ಆರು ಅಂಕಿ ಏರಿಸಿದರೆ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಚ್‌ಡಿ ಚಿತ್ರಕ್ಕೆ 20ರಿಂದ 24 ಎಂದು ಅದನ್ನು ಮಾಡಿದವರೇ ಸೂಚಿಸುತ್ತಾರೆ. ರಾತ್ರಿಯ ಆಟಕ್ಕೆ ನಾನು 18 ಅಥವಾ 19 ಇಡುತ್ತೇನೆ. 24ರಲ್ಲಿ ಕಿರೀಟದ ಬೇಗಡೆಯ ಹೊಳಪು ಮಂಕಾಗುತ್ತದೆ.

ಹಾಗಾದರೆ ನಮ್ಮೂರಿನ ಚಿತ್ರಗಳಿಗೆ ಎಷ್ಟೆಷ್ಟು ಬೇಕಾಗುತ್ತದೆ? ಎಚ್.264 ಎಂಬ, 2003ರಲ್ಲಿ ಬಂದು ಈಗ ಎಲ್ಲ ಟಿವಿಗೂ ಅರ್ಥವಾಗುವ ವಿಧಾನದಲ್ಲಿ ನನಗೆ ಕಂಡದ್ದನ್ನು ಹೇಳುತ್ತೇನೆ. ತಾಳಮದ್ದಳೆಗೆ 3 ಮೆಗಾಬಿಟ್ ಧಾರಾಳ. ಕ್ಯಾಮೆರಾ ಅಲುಗುವುದಿಲ್ಲ, ಹಿಂದಿನ ಬ್ಯಾನರ್ ಅಲುಗುವುದಿಲ್ಲ, ಅರ್ಥಧಾರಿಗಳು ಕೂತಲ್ಲಿಂದ ಏಳುವುದಿಲ್ಲ. ಬದಲಾಗುವುದು ಮುಖ ಮತ್ತು ಕೈ. ಮದುವೆಯ ಮಂಟಪಕ್ಕೆ 6ರಿಂದ 8. ಬಯಲಾಟಕ್ಕೆ 10ರಿಂದ 12. ಕಂಬಳಕ್ಕೆ 16ರಿಂದ 20 ಬೇಕು.

ಕಂಬಳಕ್ಕೆ ಏಕೆ ಅಷ್ಟು ಎಂದು ಕೇಳಿದರೆ ನಾನು ಸ್ವಲ್ಪ ನಿಂತು ಹೇಳಬೇಕಾಗುತ್ತದೆ, ಏಕೆಂದರೆ ಅತಿ ಹೆಚ್ಚು ಹಾಳಾಗಿರುವುದು ಕಂಬಳದ ವಿಡಿಯೋಗಳೇ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ನಮ್ಮ ಈ ಮೂರು ತಾಲೂಕಿಗೂ ಒಂದೊಂದು ಹೆಸರುವಾಸಿ ಜೋಡುಕರೆ ಕಂಬಳವಿದೆ. ಬಂಟ್ವಾಳದ ಮೂಡೂರು-ಪಡೂರು, ವೇಣೂರಿನ ಸೂರ್ಯ-ಚಂದ್ರ, ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ. ಕನೆಹಲಗೆಯ ಸ್ಪರ್ಧೆ ನೋಡಿದ್ದೀರಲ್ಲ? ಹಲಗೆಯ ಮೇಲೆ ಒಂಟಿ ಕಾಲೂರಿ ನಿಂತ ಓಟಗಾರ, ಹಲಗೆಯ ತೂತಿನಿಂದ ಚಿಮ್ಮುವ ನೀರು, ಮೇಲೆ ಆರೂವರೆ ಕೋಲು, ಏಳೂವರೆ ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆ. ನೀರು ನಿಶಾನೆಗೆ ತಾಗಿತೋ ಇಲ್ಲವೋ ಎಂಬುದೇ ಅಲ್ಲಿನ ತೀರ್ಪು. ಕಡಿಮೆ ಬಿಟ್‌ರೇಟಿನಲ್ಲಿ ಇಳಿಸಿದ ವಿಡಿಯೋದಲ್ಲಿ ನೀರಿನ ತುದಿ ಮೊದಲು ಮಾಯವಾಗುತ್ತದೆ. ಕೆಳಗಿನ ದಪ್ಪ ಧಾರೆ ಉಳಿಯುತ್ತದೆ, ಮೇಲಿನ ಹನಿಗಳು ಆಕಾಶದ ಬಣ್ಣದಲ್ಲಿ ಕರಗಿಹೋಗುತ್ತವೆ. ಹಿರಿಯರು ತಂದ ಕಂಬಳದ ಡಿಸ್ಕಿನಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದೆ. ಮೂಲದಲ್ಲಿ ನೀರು ನಿಶಾನೆಯನ್ನು ಒದ್ದೆ ಮಾಡಿದ್ದು ಸ್ಪಷ್ಟ. 4 ಮೆಗಾಬಿಟ್‌ಗೆ ಇಳಿಸಿದ ತುಣುಕಿನಲ್ಲಿ ನೀರು ನಿಶಾನೆಯಿಂದ ಒಂದು ಗೇಣು ಕೆಳಗೇ ನಿಂತಿದೆ. ಗೆದ್ದ ಕೋಣಗಳು ಸೋತ ಹಾಗೆ ಕಾಣುತ್ತವೆ.

ಓಟದ ವೇಗದ್ದು ಬೇರೆ ಕಥೆ. ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ದೇಶವೆಲ್ಲ ಸುದ್ದಿಯಾಯಿತು. ಸೆಕೆಂಡಿಗೆ ಹತ್ತೂವರೆ ಮೀಟರ್ ಹತ್ತಿರ. ಸೆಕೆಂಡಿನ ಇಪ್ಪತ್ತೈದನೇ ಒಂದು ಭಾಗದಲ್ಲಿ ಕೋಣ 42 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ನಮ್ಮ ಕಡೆಯ ಹಳೆಯ ಎಚ್‌ಡಿ ಕ್ಯಾಮೆರಾಗಳಲ್ಲಿ ಹೆಚ್ಚಿನವು ಚೌಕಟ್ಟನ್ನು ಎರಡು ಹೋಳಾಗಿ ಹಿಡಿಯುತ್ತವೆ. ಬೆಸ ಗೆರೆಗಳು ಒಂದು ಕ್ಷಣಕ್ಕೆ, ಸರಿ ಗೆರೆಗಳು ಅದರ ಮುಂದಿನ ಕ್ಷಣಕ್ಕೆ, ಹೀಗೆ ಸೆಕೆಂಡಿಗೆ 50 ಅರ್ಧ ಚಿತ್ರ. ಒಂದು ಅರ್ಧದಿಂದ ಇನ್ನೊಂದಕ್ಕೆ ಕೋಣ 21 ಸೆಂಟಿಮೀಟರ್ ಓಡಿರುತ್ತದೆ. ಎರಡನ್ನೂ ಹಾಗೆಯೇ ಒಟ್ಟಿಗೆ ಅಂಟಿಸಿದರೆ ಕೋಣದ ಕಾಲು ಬಾಚಣಿಗೆಯ ಹಲ್ಲಿನ ಹಾಗೆ ಸೀಳುತ್ತದೆ. ಒಂದನ್ನು ಎಸೆದರೆ ಓಟ ಕುಂಟುತ್ತದೆ. ಹ್ಯಾಂಡ್‌ಬ್ರೇಕಿನಲ್ಲಿ ಡಿಇಂಟರ್ಲೇಸ್ ಎಂಬಲ್ಲಿ ಬಾಬ್ ಎಂಬ ಆಯ್ಕೆ ಇದೆ. ಅದು ಪ್ರತಿ ಅರ್ಧವನ್ನೂ ಪೂರ್ಣ ಮಾಡಿ ಸೆಕೆಂಡಿಗೆ 50 ಚೌಕಟ್ಟು ಕೊಡುತ್ತದೆ. ಕಂಬಳಕ್ಕೂ ಆಟದಲ್ಲಿ ಗಿರಗಿರನೆ ಸುತ್ತುವ ಧೀಂಗಿಣಕ್ಕೂ ಇದನ್ನೇ ಹಾಕಿ. ಬಿಟ್ ಹೆಚ್ಚು ಬೇಕಾಗುತ್ತದೆ, ಕೊಡಿ.

ವೇಣೂರಿನ ಡಿಸ್ಕ್‌ಗಳು ಇನ್ನೊಂದು ಪಾಠ ಕಲಿಸಿದವು. ತಿಮ್ಮಣ್ಣ ಅಜಿಲರು 1604ರಲ್ಲಿ ನಿಲ್ಲಿಸಿದ 35 ಅಡಿಯ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಅಭಿಷೇಕ. ಹಾಲು ಸುರಿಯುವಾಗ ಕಂಪ್ಯೂಟರಿಗೆ ಹೆಚ್ಚು ತೊಂದರೆ ಇಲ್ಲ, ಕಲ್ಲಿನ ಮೇಲೆ ನುಣುಪಾದ ಬಿಳಿ ಇಳಿಯುತ್ತದೆ. ಅರಿಶಿನ, ಚಂದನ, ಕುಂಕುಮ ಬರುವಾಗ ಕಷ್ಟ ಶುರು. ಗಾಳಿಯಲ್ಲಿ ಹುಡಿ ಹರಡುತ್ತದೆ, ಪ್ರತಿ ಕಣವೂ ತನ್ನ ದಾರಿ ಹಿಡಿಯುತ್ತದೆ. ಅದರ ಮೇಲೆ ಕೆಂಪು ಬೇರೆ. ವಿಡಿಯೋದಲ್ಲಿ ಬೆಳಕನ್ನು ಪ್ರತಿ ಚುಕ್ಕಿಗೂ ಬರೆದರೆ, ಬಣ್ಣವನ್ನು ನಾಲ್ಕು ಚುಕ್ಕಿಗೆ ಒಂದರಂತೆ ಮಾತ್ರ ಬರೆದಿರುತ್ತಾರೆ. ಕಣ್ಣಿಗೆ ಸಾಮಾನ್ಯವಾಗಿ ಗೊತ್ತಾಗದು, ಗಾಢ ಕೆಂಪಿನ ಅಂಚಿನಲ್ಲಿ ಮಾತ್ರ ಗೊತ್ತಾಗುತ್ತದೆ. ಬಿಟ್‌ರೇಟ್ ಇಳಿಸಿದಷ್ಟೂ ಕುಂಕುಮ ಗೊಮ್ಮಟನ ಭುಜ ಬಿಟ್ಟು ಹೊರಗೆ ಕಲೆಯಾಗಿ ಹರಿದ ಹಾಗೆ ಕಾಣುತ್ತದೆ. ಹಿಂದಿನ ಆಕಾಶ ನುಣ್ಣಗೆ ತಿಳಿಯಾಗುತ್ತ ಹೋಗುವ ಬದಲು ಪಟ್ಟೆಪಟ್ಟೆಯಾಗುತ್ತದೆ. ಅಭಿಷೇಕದ ಈ ಹತ್ತು ನಿಮಿಷಕ್ಕೆ 12ರ ಮೇಲೆ ಸಿಗುವ ಹಾಗೆ ಇಡೀ ಡಿಸ್ಕಿನ ಗುಣಮಟ್ಟದ ಅಂಕಿ ಇಟ್ಟೆ. ಮೆರವಣಿಗೆ, ಸಭೆ, ಭಾಷಣಗಳಿಗೆ ಅಷ್ಟು ಬೇಕಿರಲಿಲ್ಲ, ಸಿಆರ್‌ಎಫ್ ಅಲ್ಲಿ ತಾನೇ ಉಳಿಸಿಕೊಂಡಿತು.

ಈಗ ನಾನು ಮಾಡುವ ಪರೀಕ್ಷೆ ಹೇಳುತ್ತೇನೆ, ನೀವೂ ಮಾಡಬಹುದು. ಡಿಸ್ಕಿನಲ್ಲಿ ಅತಿ ಕಷ್ಟದ ಒಂದು ನಿಮಿಷವನ್ನು ಹುಡುಕಿ. ಆಟದಲ್ಲಾದರೆ ಮಹಿಷಾಸುರನಂಥ ಬಣ್ಣದ ವೇಷದ ಪ್ರವೇಶ, ಮದುವೆಯಲ್ಲಾದರೆ ಎಲ್ಲರೂ ಒಟ್ಟಿಗೆ ಅಕ್ಷತೆ ಹಾಕುವ ಧಾರೆಯ ಹೊತ್ತು, ಕಂಬಳದಲ್ಲಾದರೆ ಕನೆಹಲಗೆ. ಆ ಒಂದು ನಿಮಿಷವನ್ನಷ್ಟೇ ಮೂರು ನಾಲ್ಕು ದರದಲ್ಲಿ ಕಂಪ್ರೆಸ್ ಮಾಡಿ. ಮನೆಯ ದೊಡ್ಡ ಟಿವಿಯಲ್ಲಿ, ದೀಪ ಆರಿಸಿ, ಮೂಲದ ಪಕ್ಕ ಇಟ್ಟು ನೋಡಿ. ಮೊಬೈಲಿನಲ್ಲಿ ನೋಡಬೇಡಿ, ಅಷ್ಟು ಸಣ್ಣ ಪರದೆಯಲ್ಲಿ 2 ಮೆಗಾಬಿಟ್ಟೂ ಚೆನ್ನಾಗಿಯೇ ಕಾಣುತ್ತದೆ, ನಾನು ಮೋಸ ಹೋದದ್ದರಲ್ಲಿ ಅದೂ ಒಂದು. ಚುಟ್ಟಿ ಎಣಿಸಲು ಬಂದರೆ ಆ ದರ ಸಾಕು. ಬಾರದಿದ್ದರೆ ಮೇಲೇರಿಸಿ.

ಮಂದ ಬೆಳಕಿನಲ್ಲಿ ತೆಗೆದ ಚಿತ್ರದಲ್ಲಿ ಕಾಳುಕಾಳು ಕುಣಿಯುತ್ತಿರುತ್ತದೆ. ಅದೂ ಬಿಟ್ ತಿನ್ನುತ್ತದೆ, ಅದನ್ನು ಒರಸುವ ಸೌಲಭ್ಯವೂ ತಂತ್ರಾಂಶದಲ್ಲಿದೆ. ಒರಸಿದರೆ ಕಾಳಿನ ಜೊತೆಗೆ ಚುಟ್ಟಿಯೂ ಹೋಗುತ್ತದೆ. ಬೇಡ.

ಎಚ್.264ರ ನಂತರ 2013ರಲ್ಲಿ ಎಚ್‌ಇವಿಸಿ ಬಂತು. ಅದೇ ಚೆಂದಕ್ಕೆ ಸುಮಾರು ಅರ್ಧ ಜಾಗ ಸಾಕು ಎನ್ನುತ್ತಾರೆ, ಮಾತು ಬಹುಮಟ್ಟಿಗೆ ನಿಜ. ಆದರೆ ಹಳೆಯ ಟಿವಿಗಳು ಅದನ್ನು ಓಡಿಸುವುದಿಲ್ಲ. ಯಾರಿಗೆ ಕೊಡುತ್ತೀರೋ ಅವರ ಮನೆಯ ಟಿವಿ ಯಾವುದು ಎಂದು ಕೇಳಿಕೊಂಡು ಮಾಡಿ. ಪೆನ್‌ಡ್ರೈವಿನದ್ದು ಇನ್ನೊಂದು ಸಂಕಷ್ಟ ಇದೆ. ಫ್ಯಾಟ್32 ಎಂಬ ಹಳೆಯ ರೀತಿಯಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವಿನಲ್ಲಿ 4 ಜಿಬಿಗಿಂತ ದೊಡ್ಡ ಒಂದು ಫೈಲು ಕೂರುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಮಂದಿ ಬಿಟ್‌ರೇಟ್ ಇಳಿಸಿ ಇಳಿಸಿ 4 ಜಿಬಿಯೊಳಗೆ ತುರುಕುತ್ತಾರೆ. ಇಳಿಸಬೇಡಿ, ತುಂಡು ಮಾಡಿ. ಪೂರ್ವರಂಗ ಒಂದು ಫೈಲು, ಮಧುಕೈಟಭ ಒಂದು, ಮಹಿಷಾಸುರ ಒಂದು, ಶುಂಭ-ನಿಶುಂಭ ಒಂದು. ಹುಡುಕಿ ನೋಡಲಿಕ್ಕೂ ಸುಲಭ.

ಚಿತ್ರದ ಬಗ್ಗೆ ಇಷ್ಟು ಹೇಳಿ ಧ್ವನಿಯನ್ನು ಮರೆತರೆ ಬಾನುಲಿಯಲ್ಲಿ ಕೂತು ಮಾತಾಡಿದ್ದಕ್ಕೆ ಅರ್ಥವಿಲ್ಲ. ಗಾತ್ರ ಉಳಿಸಲು ಜನ ಮೊದಲು ಕತ್ತರಿ ಹಾಕುವುದು ಧ್ವನಿಗೆ. ಲೆಕ್ಕ ನೋಡಿ. ಧ್ವನಿಯ ದರವನ್ನು ಸೆಕೆಂಡಿಗೆ 256 ಕಿಲೋಬಿಟ್‌ನಿಂದ 128ಕ್ಕೆ ಇಳಿಸಿದರೆ ಎಂಟು ಗಂಟೆಯ ಆಟದಲ್ಲಿ ಉಳಿಯುವುದು ಅರ್ಧ ಜಿಬಿಯೂ ಅಲ್ಲ. ಕಳೆದುಕೊಳ್ಳುವುದು ಏನು? ಬಂಟ್ವಾಳ ತಾಲೂಕಿನವರೇ ಆದ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕಚೇರಿಯಾದರೆ ಅಷ್ಟಾಗಿ ಕೆಡುವುದಿಲ್ಲ, ಎಳೆದು ನುಡಿಸುವ ಸ್ವರವನ್ನು ಕಂಪ್ಯೂಟರ್ ಚೆನ್ನಾಗಿ ಹಿಡಿಯುತ್ತದೆ. ಚೆಂಡೆ ಹಾಗಲ್ಲ. ಮೌನದಿಂದ ಒಮ್ಮೆಲೇ ಏಳುವ ಪೆಟ್ಟು. ಧ್ವನಿಯನ್ನು ಕಂಪ್ರೆಸ್ ಮಾಡುವಾಗ ಸೆಕೆಂಡಿನ ಸುಮಾರು ಐವತ್ತನೇ ಒಂದರಷ್ಟು ಉದ್ದದ ತುಂಡುಗಳಾಗಿ ಕತ್ತರಿಸುತ್ತಾರೆ. ಬಿಟ್ ಸಾಲದಾದಾಗ ಆಗುವ ತಪ್ಪು ಇಡೀ ತುಂಡಿಗೆ ಹರಡುತ್ತದೆ, ಪೆಟ್ಟು ಬೀಳುವುದಕ್ಕೆ ಮೊದಲಿನ ಮೌನಕ್ಕೂ. ಕಿವಿ ಕೊಟ್ಟು ಕೇಳಿದರೆ ಪ್ರತಿ ಪೆಟ್ಟಿನ ಮುಂಚೆ ಒಂದು ಸಣ್ಣ ‘ಸ್’ ಕೇಳುತ್ತದೆ. ಪೆಟ್ಟಿನ ಮೊನೆ ಮುರಿಯುತ್ತದೆ. ಚಕ್ರತಾಳದ ಝಣಕಾರ ಮರಳು ಉಜ್ಜಿದ ಹಾಗಾಗುತ್ತದೆ.

ಮೂಡುಬಿದಿರೆ ಬಳಿಯ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ಏರುಶ್ರುತಿಯ ಆ ಕಂಠ, ಅದರ ಪಕ್ಕದ ಚೆಂಡೆ ಮದ್ದಳೆ ನಮ್ಮ ನಿಮ್ಮ ಮನೆಗಳ ಕಪಾಟುಗಳಲ್ಲಿ ಎಷ್ಟು ಡಿಸ್ಕ್, ಎಷ್ಟು ಕ್ಯಾಸೆಟ್‌ಗಳಲ್ಲಿ ಹಂಚಿಹೋಗಿದೆಯೋ. ಅರ್ಧ ಜಿಬಿ ಉಳಿಸಲಿಕ್ಕಾಗಿ ಅದನ್ನು ಕೆಡಿಸುವುದು ನನ್ನ ಮಟ್ಟಿಗೆ ಅಪರಾಧ. ಧ್ವನಿಯನ್ನು ಮುಟ್ಟಲೇ ಬೇಡಿ. ಡಿಸ್ಕಿನಲ್ಲಿ ಇದ್ದದ್ದನ್ನು ಹಾಗೆಯೇ ದಾಟಿಸುವ ಪಾಸ್‌ಥ್ರೂ ಎಂಬ ಆಯ್ಕೆ ಇದೆ, ಅದನ್ನು ಒತ್ತಿ.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗಳ ವಿಷಯ ನಾನು ಮಾತಾಡುತ್ತಿಲ್ಲ. ಅವುಗಳಿಗೆ ಬೀಗ ಇರುತ್ತದೆ, ಬೀಗ ಮುರಿಯುವುದರ ಕುರಿತು ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಪ್ರತ್ಯೇಕ ಕಲಮು ಸೇರಿದೆ. ಆ ಸಿನಿಮಾ ಬೇರೆಲ್ಲಾದರೂ ಸಿಕ್ಕೀತು. ನಿಮ್ಮಂಗಳದ ಆಟ ಬೇರೆಲ್ಲೂ ಸಿಗದು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಎಷ್ಟೇ ಜಾಣತನದಿಂದ ಬಿಟ್‌ರೇಟ್ ಆರಿಸಿದರೂ ಅದು ನೋಡುವ ಪ್ರತಿ. ಇಡುವ ಪ್ರತಿ ಬೇರೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ಜೈನ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದುಬಂದವು. ನೂರು ನೂರಿಪ್ಪತ್ತು ವರ್ಷದ ಹಿಂದೆ ಅವುಗಳನ್ನು ಅಕ್ಷರ ಅಕ್ಷರವಾಗಿ ಕಾಗದಕ್ಕೆ ಇಳಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಧವಲದ ಮೊದಲ ಸಂಪುಟ ಅಚ್ಚಾಯಿತು. ಓದುವವರಿಗೆ ಅಚ್ಚಿನ ಪುಸ್ತಕವೇ ಅನುಕೂಲ. ಆದರೂ ಅಚ್ಚಾದ ಮೇಲೆ ಗರಿಗಳನ್ನು ಯಾರೂ ಎಸೆಯಲಿಲ್ಲ. ಆ ಗರಿಗಳಲ್ಲಿ ಬಣ್ಣದ ಚಿತ್ರಗಳಿವೆ, ಅಕ್ಷರ ನಕಲು ಮಾಡಿದವರ ಕಾಗದಕ್ಕೆ ಆ ಬಣ್ಣ ಬರುವುದು ಸಾಧ್ಯವಿರಲಿಲ್ಲ. ಇವತ್ತಿಗೂ ಗರಿ ಇದೆ ಎಂಬುದರಿಂದಲೇ ಆ ಚಿತ್ರಗಳನ್ನು ನಾವು ನೋಡುತ್ತಿದ್ದೇವೆ.

ಡಿಸ್ಕಿನಲ್ಲಿರುವ ಮೂಲ ಫೈಲುಗಳನ್ನು ಕಂಪ್ರೆಸ್ ಮಾಡದೆ, ಇದ್ದ ಹಾಗೆ ಹಾರ್ಡ್‌ಡಿಸ್ಕಿಗೆ ಇಳಿಸಿಡಿ. 1 ಟಿಬಿಯ ಹಾರ್ಡ್‌ಡಿಸ್ಕಿನಲ್ಲಿ 25 ಜಿಬಿಯ ಬ್ಲೂ-ರೇ ನಲವತ್ತು ಹಿಡಿಯುತ್ತವೆ. 4.7 ಜಿಬಿಯ ಡಿವಿಡಿಯಾದರೆ ಇನ್ನೂರು. ಡಿವಿಡಿಗಳನ್ನಂತೂ ಕಂಪ್ರೆಸ್ ಮಾಡುವ ಅಗತ್ಯವೇ ಇಲ್ಲ, ಅದರ ಚಿತ್ರ ಮೊದಲೇ ಬಡಕಲು, ಹಿಂಡಿದರೆ ಸಿಗುವ ಲಾಭವೂ ಅಲ್ಪ. ಅಂಥ ಎರಡು ಹಾರ್ಡ್‌ಡಿಸ್ಕ್ ಕೊಂಡು, ಎರಡರಲ್ಲೂ ಅದನ್ನೇ ಹಾಕಿ, ಒಂದು ನಿಮ್ಮಲ್ಲಿ, ಇನ್ನೊಂದು ತಂಗಿಯ ಮನೆಯಲ್ಲೋ ಮಗನ ಮನೆಯಲ್ಲೋ ಇರಲಿ. ಆಮೇಲೆ ನೆಂಟರಿಗೆ ಕೊಡಲು 8ರಲ್ಲಿ ಬೇಕಾದರೆ 8ರಲ್ಲಿ, 4ರಲ್ಲಿ ಬೇಕಾದರೆ 4ರಲ್ಲಿ ಮಾಡಿ. ಮೂಲ ಇದ್ದರೆ ದರ ತಪ್ಪಿದರೂ ನಾಳೆ ತಿದ್ದಬಹುದು. ವಾಟ್ಸ್ಆ್ಯಪಿನಲ್ಲಿ ಕಳಿಸುವುದಾದರೆ ವಿಡಿಯೋ ಎಂದು ಕಳಿಸಬೇಡಿ, ಅದು ಮತ್ತೊಮ್ಮೆ ಹಿಂಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಬೆಳ್ತಂಗಡಿಯ ಆ ಹಿರಿಯರಿಗೆ ಇದನ್ನೆಲ್ಲ ವಿವರಿಸಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತರು. “ಪೆನ್‌ಡ್ರೈವ್ ಸಾಕಾಗುದಿಲ್ಲ ಅಂತ ಹೇಳಿ ಮಾಷ್ಟ್ರೇ, ಹಾರ್ಡ್‌ಡಿಸ್ಕ್ ತರ್ಸುವ” ಎಂದರು. ತಂದರು. ಹನ್ನೊಂದರಲ್ಲಿ ಹತ್ತು ಡಿಸ್ಕ್ ಪೂರ್ತಿ ಇಳಿದವು. ಒಂದು, ಮದುವೆಯ ಎರಡನೇ ಡಿಸ್ಕ್, ಅಂಚಿನಲ್ಲಿ ಬೂಷ್ಟು ಹಿಡಿದಿತ್ತು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರಸಿ, ಮೂರು ಬೇರೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿದೆ. ಕೊನೆಯ ಹದಿನೇಳು ನಿಮಿಷ ಬರಲೇ ಇಲ್ಲ. ಆ ಹದಿನೇಳು ನಿಮಿಷದಲ್ಲಿ ಮಗಳನ್ನು ಗಂಡಿನ ಕಡೆಯವರಿಗೆ ಒಪ್ಪಿಸಿಕೊಡುವ ಹೊತ್ತು ಇತ್ತು, ಆಗ ಅವರ ಹೆಂಡತಿ ಬದುಕಿದ್ದರು.

ನಮ್ಮ ಜಿಲ್ಲೆಯ ನಾಲ್ಕು ತಿಂಗಳ ಮಳೆ, ಗೋಡೆಯೂ ಬೆವರುವ ಥಂಡಿ ಡಿಸ್ಕಿಗೆ ಒಗ್ಗುವುದಿಲ್ಲ. ವೇಣೂರಿನಲ್ಲಿ 2012ರಲ್ಲಿ ಅಭಿಷೇಕ ಚಿತ್ರಿಸಿಕೊಂಡವರು 2024ರ ಅಭಿಷೇಕದ ಹೊತ್ತಿಗೆ ಅದನ್ನು ಹಾಕಿ ನೋಡಲು ಡ್ರೈವ್ ಹುಡುಕುವಂತಾಯಿತು. ಮುಂದಿನದು 2036ಕ್ಕೆ. ಅಲ್ಲಿಯವರೆಗೆ ಕಾಯಬೇಡಿ. ಈ ಸಲ ಮಳೆ ಹಿಡಿಯುವ ಮೊದಲು ಕಪಾಟಿನ ಮೇಲಿನ ಡಬ್ಬವನ್ನು ಇಳಿಸಿ, ಒಂದೊಂದು ಡಿಸ್ಕಿನ ಮೇಲೂ ಏನು, ಯಾವ ವರ್ಷ ಎಂದು ಬರೆದು, ಡ್ರೈವ್ ಇರುವ ಪರಿಚಯದವರ ಮನೆಗೆ ಕೊಂಡುಹೋಗಿ. ಮೊದಲು ಇದ್ದ ಹಾಗೆ ಇಳಿಸಲು ಹೇಳಿ. ಬಿಟ್‌ರೇಟ್ ಎಷ್ಟಿಡಬೇಕು ಎಂದು ಆಮೇಲೆ, ಮಹಿಷಾಸುರ ಬರುವ ನಿಮಿಷವನ್ನು ಇಬ್ಬರೂ ಕೂತು ನೋಡಿ ತೀರ್ಮಾನಿಸಿ.